ಪದಚರ್ಚೆ: ‘ಸಕ್ಕರೆ ಲೇಪಿತ ಪ್ರೋಟೀನು’ ಸರಿಯೇ?

ಎಲ್ಲರಿಗೂ ನಮಸ್ಕಾರ. ಶಾಲಾ ಮಕ್ಕಳಿಗಾಗಿ ಹಾವಿನ ವಿಷದ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಗ್ಲೈಕೊಪ್ರೋಟೀನ್’ (ಸಕ್ಕರೆಗಳು ಜೋಡಿಕೊಂಡಿರುವ ಪ್ರೋಟೀನು) ಬಂದಲ್ಲೆಲ್ಲ ಸುಮ್ನೆ ‘ಸಕ್ಕರೆ ಲೇಪಿತ ಪ್ರೋಟೀನು’ ಅಂತ ಬರೆದು ಮುಂದೆ ಹೋಗಿದ್ದೆ. ಕರಡು ಓದಿದ ಅಕ್ಕನ ಮಗಳು ಕೇಳಿದಳು: “ಮಾಮ, ಹಾಗಾದ್ರೆ ಕೊಳಕುಮಂಡಲದ ವಿಷ ಸಿಹಿ ಇರುತ್ತಾ?” ನಕ್ಕುಬಿಟ್ಟೆ. ಆಮೇಲೆ, ತಪ್ಪು ಅವಳದ್ದಲ್ಲ, ‘ಲೇಪಿತ’ದ್ದು ಅನ್ನಿಸಿತು.

ಲೇಪ ಅಂದರೆ ಮೇಲಿಂದ ಬಳಿದದ್ದು. ಜೀರಿಗೆ ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡರೆ ಸಕ್ಕರೆ ಕರಗುತ್ತದೆ, ಒಳಗಿನ ಜೀರಿಗೆ ಇದ್ದ ಹಾಗೇ ಸಿಗುತ್ತದೆ. ಪ್ರೋಟೀನಿನ ಸಕ್ಕರೆ ಹಾಗಲ್ಲ. ವಿಷಗ್ರಂಥಿಯ ಜೀವಕೋಶದಲ್ಲಿ ಪ್ರೋಟೀನು ತಯಾರಾಗುತ್ತಿರುವಾಗಲೇ ಕಿಣ್ವವೊಂದು ಅದಕ್ಕೆ ಸಕ್ಕರೆಗಳ ಗೊಂಚಲನ್ನು ಜೋಡಿಸುತ್ತದೆ. ಸಿಕ್ಕಸಿಕ್ಕಲ್ಲಿ ಅಲ್ಲ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಸರಪಳಿ; ಅದರಲ್ಲಿ ಹೆಚ್ಚಾಗಿ ಆಸ್ಪರಜೀನ್ ಎಂಬ ಅಮೈನೋ ಆಮ್ಲಕ್ಕೆ, ಅದೂ ಅಲ್ಲಿಂದ ಎರಡು ಮನೆ ಮುಂದೆ ಸೆರೀನೋ ಥ್ರಿಯೊನೀನೋ ಎಂಬ ಇನ್ನೊಂದು ಅಮೈನೋ ಆಮ್ಲ ಕೂತಿದ್ದರೆ ಮಾತ್ರ.

ಕೊಳಕುಮಂಡಲವನ್ನೇ ನೋಡಿ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹತ್ತನೆಯದನ್ನು (ಫ್ಯಾಕ್ಟರ್ X) ಎಬ್ಬಿಸಿ ಕೆಲಸಕ್ಕೆ ಹಚ್ಚುವ ಪ್ರೋಟೀನು ಅದರ ವಿಷದಲ್ಲಿದೆ. ಹೀಗೆ ಸುಮ್ಮಸುಮ್ಮನೆ ಎಬ್ಬಿಸಿ ಎಬ್ಬಿಸಿ ಹೆಪ್ಪಿನ ಸಾಮಗ್ರಿಯೆಲ್ಲ ಖರ್ಚಾಗಿ, ಕೊನೆಗೆ ಕಚ್ಚಿಸಿಕೊಂಡವರ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಈ ಪ್ರೋಟೀನಿಗೆ ಮೂರು ಎಳೆ. ದೊಡ್ಡದರಲ್ಲಿ 4 ಕಡೆ, ಚಿಕ್ಕವೆರಡರಲ್ಲಿ ಒಂದೊಂದು ಕಡೆ, ಒಟ್ಟು 6 ಸಕ್ಕರೆ ಗೊಂಚಲು. ಅವನ್ನು ಕಿತ್ತರೆ ಪ್ರೋಟೀನಿನ ಆಕಾರವೇ ಬದಲಾಗಿ ಅದರ ಕಸುವು ತೀರಾ ಇಳಿಯುತ್ತದೆ. ಕೆರೆದರೆ ಹೋಗುವ ಕಲಾಯಿ ಅಲ್ಲ ಇದು, ಅಲ್ವಾ?

(ಎಲ್ಲ ವಿಷದ ಪ್ರೋಟೀನಿಗೂ ಸಕ್ಕರೆ ಇರುವುದಿಲ್ಲ. ನಾಗರಹಾವಿನ ನರಕ್ಕೆ ಹೊಡೆಯುವ ಚಿಕ್ಕ ನಂಜುಗಳು ಬಹುಪಾಲು ಬೋಳು.)

ಇನ್ನೊಂದು ಗೋಜಲು ಇದೆ. ಡಯಾಬಿಟಿಸ್ ಇರುವವರು ‘ಮೂರು ತಿಂಗಳ ಸಕ್ಕರೆ’ ಅಂತ ಪರೀಕ್ಷೆ ಮಾಡಿಸುತ್ತಾರಲ್ಲ, ಅಲ್ಲೂ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ಸಕ್ಕರೆ ಸೇರಿರುತ್ತದೆ. ಆದರೆ ಅದನ್ನು ಯಾವ ಕಿಣ್ವವೂ ಜೋಡಿಸಿಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ತಾನಾಗಿ ಜಾಸ್ತಿ ಮೆತ್ತಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೀಗೆ ತಾನಾಗಿ ಮೆತ್ತಿಕೊಳ್ಳುವುದು ಗ್ಲೈಕೇಶನ್, ಕಿಣ್ವ ಜೋಡಿಸುವುದು ಗ್ಲೈಕೋಸಿಲೇಶನ್. ಕೇಳಿದರೆ ಅವಳಿ ಮಕ್ಕಳ ಹೆಸರಿನ ಹಾಗಿವೆ, ನಾನೇ ಎಷ್ಟೋ ಸಲ ಅದಲುಬದಲು ಮಾಡಿದ್ದೇನೆ. ಎರಡಕ್ಕೂ ‘ಲೇಪಿತ’ ಅಂದರೆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ ಅನ್ನಿಸುತ್ತದೆ. ತಾನಾಗಿ ಆದದ್ದಕ್ಕೂ ಬೇರೆಯವರು ಮಾಡಿಸಿದ್ದಕ್ಕೂ ನಮ್ಮಲ್ಲಿ ಕ್ರಿಯಾಪದವೇ ಬೇರೆ: ಅಂಟು, ಅಂಟಿಸು, ಕೂಡು, ಕೂಡಿಸು. ಹಾಗಾಗಿ ಡಯಾಬಿಟಿಸ್‌ನದ್ದು ‘ಸಕ್ಕರೆ ಅಂಟಿದ ಪ್ರೋಟೀನು’. ವಿಷದ್ದಕ್ಕೆ ‘ಸಕ್ಕರೆ ಅಂಟಿಸಿದ’ ಅಂದರೆ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ ಕೇಳುತ್ತದೆ. ‘ಸಕ್ಕರೆ ತೊಡಿಸಿದ ಪ್ರೋಟೀನು’ ನನಗೆ ಹಿಡಿಸಿದೆ. ಒಡವೆಯನ್ನೂ ಮೂಗು, ಕಿವಿ, ಬೆರಳು ಅಂತ ಜಾಗ ನೋಡಿಯೇ ತೊಡಿಸುತ್ತೇವೆ. ಆದರೆ ಒಡವೆ ಕಳಚಿಟ್ಟರೆ ಆಳು ಬದಲಾಗುವುದಿಲ್ಲವಲ್ಲ, ಅಷ್ಟರ ಮಟ್ಟಿಗೆ ಇದೂ ಕುಂಟುತ್ತದೆ. ‘ಸಕ್ಕರೆ ಬೆಸೆದ ಪ್ರೋಟೀನು’ ಹೆಚ್ಚು ನಿಖರ, ಆದರೆ ವೆಲ್ಡಿಂಗ್ ಅಂಗಡಿ ನೆನಪಾಗುತ್ತದೆ.

ನೀವು ಪಾಠದಲ್ಲಿ, ಬರಹದಲ್ಲಿ ಏನು ಬಳಸುತ್ತೀರಿ? ‘ಶರ್ಕರ’ ಬಿಟ್ಟು ಬೇರೆ ಏನಾದರೂ ಇದ್ದರೆ ತಿಳಿಸಿ.