ಮಳೆಗೆ ಮುಂಚೆ ಕೆಲಸ ಮುಗಿಯಬೇಕು, ಪ್ಲಾನ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ):
ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಕೊಡುವ ಒಂದು ಸಣ್ಣ ಘಟಕದಲ್ಲಿ ನಾನು ಆಫೀಸ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಸುಲಿಯುವ ಯಂತ್ರಕ್ಕೆ ಶೆಡ್ ಕಟ್ಟಿಸಿದೆವು. ಮೇ ಕೊನೆಗೆ ಮುಗಿಯುತ್ತದೆ ಎಂದುಕೊಂಡಿದ್ದು ಸೆಪ್ಟೆಂಬರ್‌ಗೆ ಮುಗಿಯಿತು. ನೆಲಕ್ಕೆ ಕಾಂಕ್ರೀಟ್ ಹಾಕಿದ ಮೇಲೆ ಯಂತ್ರ ಬಂತು. ನೋಡಿದರೆ ಅದರ ಕಾಲಿನ ತೂತಿಗೂ ನಾವು ಹೂತಿಟ್ಟ ಬೋಲ್ಟಿಗೂ ನಾಲ್ಕು ಬೆರಳು ವ್ಯತ್ಯಾಸ. ಹೊರಗೆ ಜಡಿಮಳೆ. ಟಾರ್ಪಾಲ್ ಕೆಳಗೆ ಇಬ್ಬರು ಕೂತು ಹೊಸ ನೆಲವನ್ನು ಉಳಿ ಹಿಡಿದು ಒಡೆಯುತ್ತಿದ್ದರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಈ ವರ್ಷ ಪಕ್ಕದಲ್ಲೇ ಇನ್ನೊಂದು ಶೆಡ್ ಎಬ್ಬಿಸಿ ಡ್ರೈಯರ್ ಕೂರಿಸಬೇಕು. "ಈ ಸಲ ಮೊದಲೇ ಪ್ಲಾನ್ ಬರೆದು ಕೊಡಮ್ಮ" ಎಂದು ಯಜಮಾನರು ನನಗೇ ಹೇಳಿದ್ದಾರೆ. ಈಗ ಜನವರಿ. ಎಕ್ಸೆಲ್ ತೆಗೆದು ಕೂತರೆ ಬರೆಯುವ ತಾರೀಕೆಲ್ಲ ಸುಮ್ನೆ ಅಂದಾಜು ಅನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಶಿವಮೊಗ್ಗದ ಪ್ರಾಜೆಕ್ಟ್ ಎಂಜಿನಿಯರ್):
ಮೇಡಂ, ಎಕ್ಸೆಲ್ ಸದ್ಯಕ್ಕೆ ಬಿಡಿ. ಒಂದು ಬಿಳಿ ಹಾಳೆ ತೆಗೆದುಕೊಂಡು "ಕೆಲಸ ಮುಗಿಯಿತು" ಎಂದರೆ ಏನು ಅಂತ ಬರೆಯಿರಿ. "ಡ್ರೈಯರ್ ಕೂರಿಸುವುದು" ಅಂತ ಬರೆದರೆ ಸಾಲದು. ಬೋಲ್ಟ್ ಬಿಗಿದರೆ ಮೇಸ್ತ್ರಿಗೆ ಮುಗಿಯಿತು. ಬಿಲ್ ಕೈಗಿಟ್ಟರೆ ಮಾರಿದವರಿಗೆ ಮುಗಿಯಿತು. ನಿಮಗೆ ಮುಗಿಯುವುದು ಯಾವಾಗ? ಒಂದು ಹಂಡೆ ಬೇಯಿಸಿದ ಅಡಿಕೆ ಹಾಕಿ, ನಿಮ್ಮ ಜನರೇ ಡ್ರೈಯರ್ ಓಡಿಸಿ, ಆಮೇಲೆ ಅಡಿಕೆ ಕತ್ತರಿಸಿ ನೋಡಿದಾಗ ಒಳಗೂ ಒಣಗಿರಬೇಕು, ಅಲ್ವಾ? ಅದನ್ನೇ ಬರೆಯಿರಿ.

ಅದರ ಕೆಳಗೆ ಈ ಸಲ ಏನು ಮಾಡುವುದಿಲ್ಲ ಅನ್ನುವುದನ್ನೂ ಬರೆಯಿರಿ. ಗೋದಾಮಿನ ಬಾಗಿಲು, ಗೋಡೆಯ ಬಣ್ಣ, ಅಂಗಳ. "ಹೇಗೂ ಮೇಸ್ತ್ರಿ ಬಂದಿದ್ದಾರೆ, ಅದನ್ನೂ ಮಾಡಿಸಿಬಿಡೋಣ" ಎನ್ನುವ ಒಂದು ಮಾತಿಗೆ ತಿಂಗಳುಗಟ್ಟಲೆ ನಿಂತ ಕೆಲಸಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ತಾರೀಕು. ಹಿಂದಿನಿಂದ ಎಣಿಸಿ. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು, ದಸರಾ ಹೊತ್ತಿಗೆ ಮರದಿಂದ ಅಡಿಕೆ ಗೊನೆ ಇಳಿಸುವುದು. ಎರಡೂ ನಮಗೋಸ್ಕರ ಕಾಯುವುದಿಲ್ಲ. ಮೊದಲನೆಯದಕ್ಕೆ ಛಾವಣಿ ಮುಗಿದಿರಬೇಕು, ಎರಡನೆಯದಕ್ಕೆ ಟ್ರಯಲ್ ಮುಗಿದಿರಬೇಕು. ಏಪ್ರಿಲ್, ಮೇನಲ್ಲಿ ಗುಡುಗು ಮಳೆ ಇದ್ದದ್ದೇ. ನಾನಾದರೆ ಛಾವಣಿಗೆ ಏಪ್ರಿಲ್ 15 ಅಂತ ಬರೆಯುತ್ತೇನೆ.

ಎಣಿಸುವಾಗ "ಇದಕ್ಕೆ ಮುಂಚೆ ಏನು ಆಗಿರಬೇಕು?" ಅಂತ ಕೇಳುತ್ತಾ ಹೋಗಿ. ಯಂತ್ರದ ಅಡಿಪಾಯದ ಡ್ರಾಯಿಂಗ್ ಕೈಗೆ ಬರದೆ ಕಾಂಕ್ರೀಟ್ ಹಾಕಬಾರದು. ಡ್ರಾಯಿಂಗ್ ಬರಬೇಕಾದರೆ ಆರ್ಡರ್ ಆಗಿರಬೇಕು. ಆರ್ಡರ್ ಆಗಬೇಕಾದರೆ ಯಾವ ಮಾಡೆಲ್ ಅಂತ ಯಜಮಾನರು ತೀರ್ಮಾನಿಸಿ ಅಡ್ವಾನ್ಸ್ ಕೊಟ್ಟಿರಬೇಕು. ನೋಡಿ, ನಿಮ್ಮ ಮೊದಲ ಕೆಲಸ ಇಲ್ಲಿದೆ. ಹೋದ ವರ್ಷ ನೆಲ ಒಡೆಯಬೇಕಾಗಿ ಬಂದದ್ದೂ ಇಲ್ಲೇ ತಪ್ಪಿದ್ದಕ್ಕೆ. ಇನ್ನು ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ಒದ್ದೆಯಾಗಿಡುವ ದಿನಗಳನ್ನು ಬರೆಯಲು ತುಂಬಾ ಜನ ಮರೆಯುತ್ತಾರೆ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ ನೀರು ಹಾಕಬೇಕು.

ಹೀಗೆ ಒಂದಕ್ಕೊಂದು ಕಟ್ಟಿಕೊಂಡ ಅತಿ ಉದ್ದದ ಸರಪಳಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತನ್ನ ಕಾರ್ಖಾನೆ ಕೆಲಸಕ್ಕೆ ಈ ಲೆಕ್ಕ ಬಳಸಿತು. ಇದರಲ್ಲಿ ಒಂದು ದಿನ ತಡವಾದರೆ ಕೊನೆಯ ತಾರೀಕೂ ಒಂದು ದಿನ ಮುಂದೆ ಹೋಗುತ್ತದೆ. ದಿನಾ ನೀವು ಕಣ್ಣಿಡಬೇಕಾದದ್ದು ಈ ಸರಪಳಿಯ ಮೇಲೆ.

ಪ್ರಶ್ನೆ ಕೇಳಿದವರು:
ಸರ್, ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದರೆ ಮೇಸ್ತ್ರಿ ಯಾವಾಗಲೂ "ಒಂದು ವಾರ ಸಾಕು" ಅನ್ನುತ್ತಾರೆ. ಏನು ಮಾಡಲಿ?

ಉತ್ತರ:
ಮೂರು ಲೆಕ್ಕ ಕೇಳಿ. ಎಲ್ಲಾ ಸುಸೂತ್ರ ಆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. 6, 8, 16 ದಿನ ಅಂದರು ಅನ್ನಿ. ನಡುವಿನದನ್ನು 4ರಿಂದ ಗುಣಿಸಿ 32. ಅದಕ್ಕೆ 6 ಮತ್ತು 16 ಕೂಡಿಸಿ 54. ಅದನ್ನು 6ರಿಂದ ಭಾಗಿಸಿದರೆ 9 ದಿನ. ಇದು ಪರ್ಟ್ ಲೆಕ್ಕ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಕೆಲಸಕ್ಕೆ ಇದನ್ನು ತಂದಿತು. ಆದರೆ ನನಗೆ 9ಕ್ಕಿಂತ ಆ 16ರ ಮೇಲೆ ಆಸಕ್ತಿ ಜಾಸ್ತಿ. "16 ಯಾಕೆ?" ಅಂತ ಕೇಳಿ. "ವೆಲ್ಡಿಂಗ್ ಹುಡುಗರು ಮಾರಿಜಾತ್ರೆಗೆ ಊರಿಗೆ ಹೋದರೆ" ಅನ್ನುತ್ತಾರೆ. ಜಾತ್ರೆಯ ತಾರೀಕು ಮೊದಲೇ ಗೊತ್ತಿರುತ್ತದೆ ತಾನೆ, ಪ್ಲಾನಿನಲ್ಲಿ ಹಾಕಿ.

ಸಾಗರದ ಒಬ್ಬ ಸದಸ್ಯ:
ಅಕ್ಕ, ಕರೆಂಟ್ ಮರೆಯಬೇಡಿ. ಡ್ರೈಯರ್‌ನ ಬ್ಲೋವರ್‌ಗೆ (ಗಾಳಿ ಊದುವ ಫ್ಯಾನ್) ಲೋಡ್ ಜಾಸ್ತಿ ಬೇಕಾದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಅರ್ಜಿ ಈಗಲೇ ಹಾಕಿ.

ಉತ್ತರ:
ಒಳ್ಳೆಯ ಮಾತು. ಇನ್ನೊಂದು ಮಾಡಿ ಮೇಡಂ. ಎಲ್ಲರನ್ನೂ ಒಂದು ಗಂಟೆ ಕೂರಿಸಿ. "ಅಕ್ಟೋಬರ್ ಬಂದಿದೆ, ಡ್ರೈಯರ್ ಓಡುತ್ತಿಲ್ಲ. ಯಾಕೆ?" ಅಂತ ಕೇಳಿ, ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರೀಮಾರ್ಟಮ್ ಎಂದು ಕರೆದಿದ್ದಾರೆ. ಯಜಮಾನರ ಚೀಟಿಯನ್ನು ಕೊನೆಗೆ ಓದಿ. ಅವರದ್ದು ಮೊದಲು ಬಂದರೆ ಉಳಿದವರು ಬಾಯಿ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ):
ಮಾಡಿದೆವು ಸರ್. ಅಡಿಕೆ ಬೇಯಿಸುವ ಅಕ್ಕ "ಗೇಟಲ್ಲಿ ಹಿಡಿಸಲ್ಲ" ಅಂತ ಬರೆದಿದ್ದರು. ಟೇಪ್ ಹಿಡಿದು ನೋಡಿದೆ. ಡ್ರೈಯರ್ ನಮ್ಮ ಗೇಟಿಗಿಂತ ಒಂದೂವರೆ ಅಡಿ ಅಗಲ. ಬಿಚ್ಚಿ ತರುತ್ತೀರಾ ಅಂತ ಮಾರುವವರನ್ನು ನಾಳೆ ಕೇಳುತ್ತೇನೆ.

ಉತ್ತರ:
ಕೇಳಿ. ಅವರು ಹೇಳಿದ್ದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಆಮೇಲೆ ಅಡ್ವಾನ್ಸ್ ಕೊಡಿ.