ಲಿಫ್ಟ್ ಮುಂದೆ ಮೂರು ಮೆಟ್ಟಿಲು: ಪವರ್ ವೀಲ್‌ಚೇರ್‌ಗೆ ಆರಡಿ ಹಲಗೆ ಸಾಕಾ?

ರಾಜಾಜಿನಗರ_ನಿವಾಸಿ:
ಚಿಕ್ಕಪ್ಪನಿಗೆ ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳಲ್ಲಿ ಸ್ವಾಧೀನವಿಲ್ಲ. ಗದ್ದದಿಂದ ನಡೆಸುವ ಪವರ್ ವೀಲ್‌ಚೇರ್, ಅದೇ ಸುಮಾರು 100 ಕೆಜಿ. ಅಪಾರ್ಟ್‌ಮೆಂಟ್ ಲಿಫ್ಟ್ ಮುಂದೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಅಸೋಸಿಯೇಷನ್‌ನವರು ಆರಡಿ ಕಬ್ಬಿಣದ ಹಲಗೆ ಹಾಕಿಸುತ್ತೇವೆ, ವಾಚ್‌ಮನ್ ಹಿಂದಿನಿಂದ ಹಿಡಿದುಕೊಳ್ಳುತ್ತಾರೆ ಅಂತಿದ್ದಾರೆ. ಒಪ್ಪಬಹುದಾ?

ಸಿವಿಲ್_ಸೈಟು:
ದಯವಿಟ್ಟು ಒಪ್ಪಬೇಡಿ. ಆರಡಿಗೆ 45 ಸೆಂ.ಮೀ. ಅಂದರೆ 1:4 ಇಳಿಜಾರು. ಮುಂದಿನ ಚಕ್ರ ಮೇಲೆದ್ದು ಚೇರ್ ಹಿಂದಕ್ಕೆ ಮಗುಚಬಹುದು. ಚಿಕ್ಕಪ್ಪನವರೂ ಸೇರಿ 160-170 ಕೆಜಿ ಆಗುವುದನ್ನು ಒಬ್ಬ ವಾಚ್‌ಮನ್ ತಡೆಯಲಾರ. ಬೇಕಾದದ್ದು 1:12 ಇಳಿಜಾರಿನ ರ‍್ಯಾಂಪ್ (ಒಂದು ಸೆಂ.ಮೀ. ಎತ್ತರಕ್ಕೆ ಹನ್ನೆರಡು ಸೆಂ.ಮೀ. ಉದ್ದ), ಅಂದರೆ 540 ಸೆಂ.ಮೀ., ಹತ್ತಿರಹತ್ತಿರ 18 ಅಡಿ. ನೇರ ಜಾಗ ಇಲ್ಲದಿದ್ದರೆ ನಡುವೆ ತಿರುಗಿಸಿ. ತಿರುವಿನಲ್ಲೂ ಲಿಫ್ಟ್ ಬಾಗಿಲ ಮುಂದೂ 150×150 ಸೆಂ.ಮೀ. ಸಮತಟ್ಟು ಬೇಕೇ ಬೇಕು. ಅಗಲ 120 ಸೆಂ.ಮೀ.ಗೆ ಕಡಿಮೆ ಬೇಡ, ಚಕ್ರ ಜಾರದಂತೆ ಅಂಚಿಗೆ ಕಟ್ಟೆ ಕಟ್ಟಿಸಿ. ಪಾಲಿಶ್ ಗ್ರಾನೈಟ್ ಬೇಡವೇ ಬೇಡ, ಮಳೆಗೆ ಜಾರುತ್ತೆ. ಕಾಂಕ್ರೀಟ್ ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿದರೆ ಸಾಕು.

ಕೆಲಸ ಕೆಡುವುದು ಹೆಚ್ಚಾಗಿ ರ‍್ಯಾಂಪಿನ ಬುಡದಲ್ಲಿ. ಆಮೇಲೆ ಟೈಲ್ಸ್ ಹಾಕುವಾಗ ಒಂದೆರಡು ಸೆಂ.ಮೀ. ಅಂಚು ಉಳಿದುಬಿಡುತ್ತೆ. ಆ ಕುಲುಕಿಗೆ ಮೈ ಸೆಟೆದರೆ ಗದ್ದ ಜಾಯ್‌ಸ್ಟಿಕ್‌ನಿಂದ ತಪ್ಪುತ್ತೆ, ಅದೂ ಇಳಿಜಾರಿನ ಮೇಲೆ. ನೆಲದ ಕೊನೆಯ ಮಟ್ಟ ಗೊತ್ತುಮಾಡಿಕೊಂಡೇ ಅಳತೆ ಹಿಡಿಸಿ.

ಹಕ್ಕಿನ_ಮಾತು:
ಉಪಕಾರ ಕೇಳುವ ಧಾಟಿ ಬೇಡ ಸರ್. ಈ ಅಳತೆಗಳ ನಕ್ಷೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ನಕಲು ಲಗತ್ತಿಸಿ ಪತ್ರ ಕೊಡಿ, ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 'ಖಾಸಗಿ ಸಂಸ್ಥೆ' ವ್ಯಾಖ್ಯೆಯಲ್ಲಿ ಸೊಸೈಟಿ, ಅಸೋಸಿಯೇಷನ್‌ಗಳೂ ಇವೆ ಎಂದು ಪತ್ರದಲ್ಲೇ ಬರೆಯಿರಿ. ಉತ್ತರ ಬಾರದಿದ್ದರೆ ಅದೇ ಕಡತದೊಂದಿಗೆ ಬೆಂಗಳೂರಿನಲ್ಲೇ ಇರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಕಾಯ್ದೆಯ ಅಡಿ ಅವರು ವಿಚಾರಣೆಗೆ ಕರೆಯಬಲ್ಲರು.

ಇನ್ನೊಂದು: ಇದರ ಬಗ್ಗೆ ಅಸೋಸಿಯೇಷನ್ ಮೀಟಿಂಗನ್ನು ಟೆರೇಸಿನ ಬದಲು ಪಾರ್ಕಿಂಗ್ ಜಾಗದಲ್ಲಿ ಇಡಿಸಿ. ಚಿಕ್ಕಪ್ಪನವರೇ ಬಂದು ಮಾತಾಡಲಿ. ಅವರಿಲ್ಲದ ಕಡೆ ಅವರ ದಾರಿ ತೀರ್ಮಾನ ಆಗಬಾರದು.

ಲಿಫ್ಟ್_ಸರ್ವಿಸ್:
ರ‍್ಯಾಂಪ್‌ಗೆ ಮೊದಲು ಲಿಫ್ಟ್ ಒಳಗಿನ ಆಳ ಅಳೆಯಿರಿ. ಆರು ಜನರ ಲಿಫ್ಟ್ ಆಳ ಸಾಮಾನ್ಯವಾಗಿ ಸುಮಾರು 100 ಸೆಂ.ಮೀ.; ಕಾಲುಹಲಗೆ ಸೇರಿದರೆ ಇಂಥ ಚೇರ್ ಅದಕ್ಕಿಂತ ಉದ್ದ ಇರುತ್ತೆ. ಹಿಡಿಸಿದರೂ ಒಳಗೆ ತಿರುಗಲು ಆಗಲ್ಲ, ಹಿಮ್ಮುಖವಾಗಿ ಇಳಿಯಬೇಕು. ಹಿಂಬದಿ ಗೋಡೆಗೆ ಕನ್ನಡಿ ಹಾಕಿಸಿ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಲುಪಿಸುವ ಎಆರ್‌ಡಿ ಇದೆಯಾ, ಅದರ ಬ್ಯಾಟರಿ ಸರಿಯಿದೆಯಾ ನೋಡಿಸಿ. ಚಿಕ್ಕಪ್ಪನವರು ಅಲಾರಂ ಗುಂಡಿ ಒತ್ತಲಾರರು. ಚೇರ್‌ಗೆ ಫೋನ್ ಹೋಲ್ಡರ್ ಕೂರಿಸಿ, ಮಾತಿನಲ್ಲೇ ಕರೆ ಹೋಗುವಂತೆ ಸೆಟ್ ಮಾಡಿ. ಬಾಗಿಲು ಮುಚ್ಚಿದಾಗ ಸಿಗ್ನಲ್ ಸಿಗುತ್ತಾ ಅಂತಲೂ ಪರೀಕ್ಷಿಸಿ.