ರೋಮ್‌ನ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಆಳುವವರ ಮುಖ ಏಕಿಲ್ಲ?

ಪ್ರಶ್ನೆ:
ಗಣರಾಜ್ಯದ ಕಾಲದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯಗಳ ಚಿತ್ರಗಳನ್ನು ನೋಡುತ್ತಿದ್ದೇನೆ. ಮುಮ್ಮುಖದಲ್ಲಿ ರೆಕ್ಕೆಯುಳ್ಳ ಶಿರಸ್ತ್ರಾಣ ತೊಟ್ಟ ಹೆಣ್ಣು, ಅವಳ ತಲೆಯ ಹಿಂದೆ ಎಕ್ಸ್ ಗುರುತು. ಹಿಮ್ಮುಖದಲ್ಲಿ ಈಟಿ ಹಿಡಿದು ಕುದುರೆ ಓಡಿಸುವ ಇಬ್ಬರು. ಇವರೆಲ್ಲ ಯಾರು? ಆಳುತ್ತಿದ್ದವರ ಮುಖವೇ ಇಲ್ಲವಲ್ಲ, ಏಕೆ?

ಉತ್ತರ 1:
ಹೆಣ್ಣು ರೋಮಾ ದೇವತೆ. ಎಕ್ಸ್ ಎಂದರೆ ಹತ್ತು. ಕ್ರಿ.ಪೂ. 211ರ ಸುಮಾರಿಗೆ ಚಲಾವಣೆಗೆ ಬಂದಾಗ ಒಂದು ಡಿನೇರಿಯಸ್ ಆಸ್ ಎಂಬ ಹತ್ತು ಕಂಚಿನ ನಾಣ್ಯಗಳಿಗೆ ಸಮವಾಗಿತ್ತು. ಸವಾರರು ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್.

ಉತ್ತರ 2:
ಮುಖದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಈ ನಾಣ್ಯಗಳಲ್ಲಿ ನನಗೆ ತುಂಬಾ ಪ್ರಿಯವಾದ ವಿಷಯವದು. ಅರಸರನ್ನು ಓಡಿಸಿದ್ದೇ ರೋಮನ್ನರ ಹೆಮ್ಮೆ. ಬದುಕಿರುವವನ ಮುಖವನ್ನು ನಾಣ್ಯಕ್ಕೇರಿಸಿದರೆ ಅರಸುತನ ಮರಳಿ ಬಂದಂತೆ. ಹಾಗಾಗಿ ಟಂಕಸಾಲೆಯ ಅಧಿಕಾರಿಗಳು ದೇವತೆಗಳನ್ನೂ ತಮ್ಮ ವಂಶದ ಹಿರಿಮೆಯನ್ನೂ ಚಿತ್ರಿಸಿದರು. ಕ್ರಿ.ಪೂ. 137ರ ಸೆಕ್ಸ್ಟಸ್ ಪಾಂಪೇಯಸ್‌ನ ನಾಣ್ಯವನ್ನು ಹಿಗ್ಗಿಸಿ ನೋಡಿ: ಹೆಣ್ಣು ತೋಳದ ಹಾಲು ಕುಡಿಯುವ ಅವಳಿ ಮಕ್ಕಳು (ರೋಮ್ ಕಟ್ಟಿದ ಕಥೆಯ ರೊಮುಲಸ್ ಮತ್ತು ರೀಮಸ್), ಪಕ್ಕದಲ್ಲಿ ಅವರನ್ನು ಕಂಡು ಸಾಕಿದ ಕುರುಬ ಫಾಸ್ಟುಲಸ್, ಹಿಂದಿನ ಅಂಜೂರದ ಮರದಲ್ಲಿ ಪುಟ್ಟ ಹಕ್ಕಿಗಳು. ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯಲ್ಲಿ ಇಷ್ಟೆಲ್ಲ!

ಈಗ ಸರ್ವಾಧಿಕಾರಿ ಜೂಲಿಯಸ್ ಸೀಸರ್‌ನನ್ನು ಕೊಂದವರಲ್ಲೊಬ್ಬನಾದ ಬ್ರೂಟಸ್‌ನ ಎರಡು ನಾಣ್ಯಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಕ್ರಿ.ಪೂ. 54ರಲ್ಲಿ ಟಂಕಸಾಲೆಯ ಅಧಿಕಾರಿಯಾಗಿದ್ದಾಗ ಅವನು ಮುಮ್ಮುಖಕ್ಕೆ ಸ್ವಾತಂತ್ರ್ಯದೇವತೆ ಲಿಬರ್ಟಾಸ್‌ಳನ್ನು ಹಾಕಿದ. ಹಿಮ್ಮುಖದಲ್ಲಿ ಲಿಕ್ಟರ್‌ಗಳ (ಅಧಿಕಾರಿಯ ಅಂಗರಕ್ಷಕರ) ನಡುವೆ ನಡೆಯುವ ಪೂರ್ವಜ ಲೂಸಿಯಸ್ ಬ್ರೂಟಸ್, ಅರಸರನ್ನು ಓಡಿಸಿದವನು. ಕ್ರಿ.ಪೂ. 44ರಲ್ಲಿ ಸೀಸರ್ ಕಟ್ಟಳೆ ಮುರಿದು ರೋಮ್‌ನ ನಾಣ್ಯಗಳಲ್ಲಿ ಕಾಣಿಸಿಕೊಂಡ, ಮಾರ್ಚ್‌ನಲ್ಲಿ ಕೊಲೆಯಾದ. ಕ್ರಿ.ಪೂ. 42ರಲ್ಲಿ ಸೇನೆಯೊಂದಿಗಿದ್ದ ಬ್ರೂಟಸ್ ಹೊಡೆಸಿದ ನಾಣ್ಯದ ಹಿಮ್ಮುಖದಲ್ಲಿ ಎರಡು ಕಠಾರಿ, ನಡುವೆ ಟೋಪಿ, ಕೆಳಗೆ ಕೊಲೆಯ ದಿನದ ಹೆಸರು. ಮುಮ್ಮುಖದಲ್ಲಿ? ಗಡ್ಡಧಾರಿ ಬ್ರೂಟಸ್‌ನದೇ ಮುಖ! ಇದಕ್ಕೆ ಯುದ್ಧದ ಅನಿವಾರ್ಯವೆಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಸೀಸರ್ ತೆರೆದ ಬಾಗಿಲನ್ನು ಮುಚ್ಚಬೇಕಾದವನೇ ಒಳಗೆ ನಡೆದ.

ಪ್ರಶ್ನೆ ಕೇಳಿದವರು:
ಕಠಾರಿಗಳ ನಡುವಿನ ಟೋಪಿ ಏನು?

ಉತ್ತರ 2:
ಪಿಲಿಯಸ್. ಬಿಡುಗಡೆಯಾದ ಗುಲಾಮರು ತೊಡುತ್ತಿದ್ದ ಟೋಪಿ. ಸೀಸರ್‌ನನ್ನು ಕೊಂದು ರೋಮನ್ನು ದಾಸ್ಯದಿಂದ ಬಿಡಿಸಿದೆವು ಎಂದು ಹೇಳಿಕೊಳ್ಳುವ ಗುರುತು. ಕಠಾರಿಗಳ ಹಿಡಿಗಳನ್ನೂ ಗಮನಿಸಿ, ಎರಡೂ ಒಂದೇ ಬಗೆಯವಲ್ಲ.

ಉತ್ತರ 3:
ಕ್ರಿ.ಪೂ. 46ರ ಟೈಟಸ್ ಕ್ಯಾರಿಸಿಯಸ್‌ನ ಡಿನೇರಿಯಸ್ ಕೂಡ ನೋಡಿ. ಒಂದು ಬದಿಯಲ್ಲಿ ಟಂಕಸಾಲೆಯ ದೇವಿ ಮೊನೇಟಾ, ಇನ್ನೊಂದರಲ್ಲಿ ನಾಣ್ಯ ಹೊಡೆಯುವ ಅಚ್ಚು, ಇಕ್ಕಳ, ಸುತ್ತಿಗೆ.